ಕೋಲು ಹಿಡಿದವಳ ಅಂಕ

ನಾಲ್ಕು ಚೀಟಿಗಳನ್ನು ಮೇಷ್ಟ್ರು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿಕೊಂಡು, ಫ್ಯಾನಿನ ಗಾಳಿಗೆ ಹಾರದ ಹಾಗೆ ಉದ್ದದ ಸ್ಕೇಲೊಂದನ್ನು ಅಡ್ಡ ಇಟ್ಟರು. ಆಮೇಲೆ ಕೂಡಿದರು. ಕೂಡಿದ್ದನ್ನು ಇನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ಕೂಡಿದರು. ಎರಡು ಸಲವೂ ಅಷ್ಟೇ ಬಂತು. ಅಕ್ಕನಿಗೆ ಮೂವತ್ತೈದು.

ನಾಲ್ಕು ಚೀಟಿಗೂ ಸೇರಿ ಮೂವತ್ತೈದು. ಅಂದರೆ ಚೀಟಿಗೆ ಒಂಬತ್ತೂ ಇಲ್ಲ.

ಚೀಟಿಯ ಪದ್ಧತಿ ಮೇಷ್ಟ್ರದೇ. ಭೂಮಾಪನದ ತರಗತಿಯಲ್ಲಿ ಒಬ್ಬೊಬ್ಬರೇ ಮಾಡುವ ಕೆಲಸ ಕಡಿಮೆ. ಎಲ್ಲಕ್ಕೂ ನಾಲ್ಕು ಜನ ಬೇಕು. ಒಬ್ಬರು ದುರ್ಬೀನಿನಲ್ಲಿ ನೋಡಬೇಕು, ಒಬ್ಬರು ದೂರದಲ್ಲಿ ಅಳತೆಕೋಲು ಹಿಡಿದು ನಿಲ್ಲಬೇಕು, ಒಬ್ಬರು ಕೂಗಿದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಬೇಕು, ಒಬ್ಬರು ನಕ್ಷೆ ಎಳೆಯಬೇಕು. ಮೊದಲೆಲ್ಲ ನಾಲ್ವರಿಗೂ ಒಂದೇ ಅಂಕ ಬೀಳುತ್ತಿತ್ತು. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಎದ್ದು ನಿಂತು, "ಬಿಸಿಲಲ್ಲಿ ಒಣಗೋರು ನಾವು ಸರ್, ನೆರಳಲ್ಲಿ ಕೂತು ಹರಟೆ ಹೊಡೆದೋರಿಗೂ ಅಷ್ಟೇ ಅಂಕ ಅಂದ್ರೆ ಹೇಗೆ?" ಎಂದು ಕೇಳಿದ್ದ. ಮಾತು ನ್ಯಾಯವಾಗಿತ್ತು. ಅಂದಿನಿಂದ ಪ್ರತಿಯೊಬ್ಬರ ಕೈಗೂ ಒಂದು ಚೀಟಿ. ಅದರಲ್ಲಿ ನೂರನ್ನು ನಾಲ್ವರಿಗೆ ಹಂಚಬೇಕು, ತನ್ನನ್ನೂ ಸೇರಿಸಿ. ಸರಾಸರಿ ಇಪ್ಪತ್ತೈದು ಬಂದವರಿಗೆ ಗುಂಪಿನ ಅಂಕ ಪೂರ್ತಿ. ಅದಕ್ಕಿಂತ ಕಡಿಮೆ ಬಂದವರಿಗೆ ಆ ಪ್ರಮಾಣದಲ್ಲಿ ಕಡಿತ. ಚೀಟಿಯಲ್ಲಿ ಯಾರು ಏನು ಬರೆದರೆಂಬುದು ಮೇಷ್ಟ್ರ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಮೂರು ವರ್ಷದಲ್ಲಿ ಯಾರೂ ತಕರಾರು ತೆಗೆದಿರಲಿಲ್ಲ. ಆ ಬಗ್ಗೆ ಅವರಿಗೆ ಸಣ್ಣದೊಂದು ಹೆಮ್ಮೆಯೂ ಇತ್ತು.

ಈ ಗುಂಪಿನ ಕೆಲಸಕ್ಕೆ ಐವತ್ತಕ್ಕೆ ನಲವತ್ತನಾಲ್ಕು ಬಂದಿತ್ತು. ತರಗತಿಯಲ್ಲೇ ಹೆಚ್ಚು. ಸಂಸ್ಥೆಯ ಹಿಂದಿನ ಬೀದಿಗೆ ಚರಂಡಿ ತೋಡಬೇಕೆಂದು ಭಾವಿಸಿಕೊಂಡು, ಹದಿನೆಂಟು ಮನೆಗಳ ಹೊಸ್ತಿಲಿನ ಎತ್ತರ ಅಳೆದು, ಹೊರಟ ಗೇಟಿನ ಕಲ್ಲಿಗೇ ವಾಪಸು ಬಂದು ಮುಟ್ಟಿಸಬೇಕಿತ್ತು. ಹೊರಟಾಗಿನ ಎತ್ತರಕ್ಕೂ ಮರಳಿದಾಗಿನ ಎತ್ತರಕ್ಕೂ ಬಂದ ವ್ಯತ್ಯಾಸ ಮೂರೇ ಮಿಲಿಮೀಟರ್. ಹತ್ತರೊಳಗಿದ್ದರೆ ಸಾಕು ಎಂದಿದ್ದರು ಮೇಷ್ಟ್ರು.

ಚೀಟಿಯ ಪ್ರಕಾರ ಅಕ್ಕನಿಗೆ ಬೀಳುವುದು ಹದಿನೈದೂವರೆ. ಪಾಸಾಗಲು ಇಪ್ಪತ್ತು ಬೇಕು.

ಅಕ್ಕ ಎಂದರೆ ಎಲ್ಲರಿಗೂ ಅಕ್ಕ. ತರಗತಿಯ ಉಳಿದವರಿಗೆಲ್ಲ ಹತ್ತೊಂಬತ್ತು, ಇಪ್ಪತ್ತು. ಅವಳಿಗೆ ನಲವತ್ತು ದಾಟಿತ್ತು. ಅಳತೆ ಕಚೇರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಕೋಲು ಹಿಡಿಯುವ ಕೆಲಸ. ಕಚೇರಿಯಲ್ಲಿ ಮಾಪಕರ ಹುದ್ದೆಯೊಂದು ಖಾಲಿಯಾಗಿ, ಒಳಗಿನವರಲ್ಲಿ ಪ್ರಮಾಣಪತ್ರ ಇದ್ದವರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಪತ್ರ ಈ ತಿಂಗಳ ಕೊನೆಯೊಳಗೆ ಕೈಸೇರಬೇಕು. ಮುಂದಿನ ಸಲಕ್ಕೆ ಅವಳ ವಯಸ್ಸು ಮಿತಿ ಮೀರುತ್ತದೆ. ಇದನ್ನೆಲ್ಲ ಅವಳು ಸೇರುವ ದಿನ ಅರ್ಜಿಯ ಜೊತೆ ಒಂದೇ ಉಸಿರಿನಲ್ಲಿ ಹೇಳಿದ್ದಳು. ಆಮೇಲೆ ಎತ್ತಿರಲಿಲ್ಲ.

ಮೇಷ್ಟ್ರು ಚೀಟಿಗಳನ್ನು ಮತ್ತೆ ನೋಡಿದರು. ಗುಂಪಿನ ಹುಡುಗಿ, ಮಾತಿಗೆ ಮಾತು ಜೋಡಿಸುವುದರಿಂದ ಲಾಯರ್ ಎಂದೇ ಹೆಸರಾದವಳು, ಅಕ್ಕನಿಗೆ ಐದು ಕೊಟ್ಟಿದ್ದಳು. ಕಡ್ಡಿಯಂತಿದ್ದು ಪೈಲ್ವಾನ ಎನಿಸಿಕೊಂಡ ಹುಡುಗ ಹತ್ತು. ಎಡಗೈಯಲ್ಲಿ ನಕ್ಷೆ ಎಳೆಯುವ ಚಿತ್ರಗಾರ ಇಪ್ಪತ್ತು. ಅಕ್ಕ ತನಗೆ ತಾನು ಸೊನ್ನೆ ಹಾಕಿಕೊಂಡು, ಉಳಿದವರಿಗೆ ಮೂವತ್ತಮೂರು, ಮೂವತ್ತಮೂರು, ಮೂವತ್ತನಾಲ್ಕು ಎಂದು ದುಂಡಗೆ ಬರೆದಿದ್ದಳು.

ಮೂವತ್ತನಾಲ್ಕು ಬಿದ್ದಿದ್ದು ಪೈಲ್ವಾನನಿಗೆ.

ಮರುದಿನ ಮಧ್ಯಾಹ್ನ ಮೇಷ್ಟ್ರು ಹುಡುಗರು ಮೂವರನ್ನೂ ಉಪಕರಣದ ಕೋಣೆಗೆ ಕರೆದರು. ಗೋಡೆಗೆ ಒರಗಿಸಿದ ಕೋಲುಗಳು, ಮಡಚಿಟ್ಟ ಮೂರುಕಾಲಿನ ಸ್ಟ್ಯಾಂಡುಗಳು, ಎಣ್ಣೆಯ ವಾಸನೆ. ಕೂರಲು ಎರಡೇ ಸ್ಟೂಲು. ಲಾಯರ್ ಒಂದರ ಮೇಲೆ ಕೂತಳು, ಚಿತ್ರಗಾರ ಇನ್ನೊಂದರ ಮೇಲೆ. ಪೈಲ್ವಾನ ಬಾಗಿಲಿಗೆ ಒರಗಿದ.

"ಅಕ್ಕ ಏನೂ ಮಾಡಲಿಲ್ಲವಾ?" ಎಂದರು ಮೇಷ್ಟ್ರು.

"ಮಾಡಿದ್ರು ಸರ್, ಯಾರು ಇಲ್ಲ ಅಂದ್ರು? ಕೋಲು ಹಿಡ್ಕೊಂಡು ನಿಂತಿದ್ರು," ಎಂದಳು ಲಾಯರ್. "ಅದಕ್ಕೇನು ಓದಬೇಕಾ? ಅವರಿಗದು ಮೊದಲೇ ಬರತ್ತೆ. ಇಲ್ಲಿಗೆ ಬಂದಿದ್ದು ಬರದೇ ಇರೋದನ್ನ ಕಲಿಯೋಕೆ ತಾನೆ? ಬರೋದನ್ನೇ ಮಾಡಿ ಅಂಕ ತಗೊಂಡ್ರೆ ಅದು ಕಲಿತಂಗಾ?"

ಮೇಷ್ಟ್ರು ಹುಡುಗಿಯ ಮಾತಿನಲ್ಲಿ ಹುಳುಕು ಹುಡುಕಿದರು, ತಕ್ಷಣಕ್ಕೆ ಸಿಗಲಿಲ್ಲ.

"ದುರ್ಬೀನು ನೋಡೋಕೆ ಅವಕಾಶ ಕೊಟ್ರಾ?"

"ಕೊಟ್ವಿ ಸರ್. ಮೊದಲನೇ ದಿನ ಅವರೇ ನೋಡಿದ್ದು. ಏನಾಯ್ತು? ಕಲ್ಲಿಗೆ ವಾಪಸ್ ಬಂದಾಗ ಇಪ್ಪತ್ತೆಂಟು ಮಿಲಿಮೀಟರ್ ತಪ್ಪು. ಇಡೀ ದಿನ ಮಣ್ಣುಪಾಲು. ಎರಡನೇ ದಿನ ನಾನು ನೋಡ್ದೆ, ಅವರು ಕೋಲು ಹಿಡಿದ್ರು, ಮೂರಕ್ಕೆ ಬಂತು."

"ಮೊದಲನೇ ದಿನ ಕೋಲು ಯಾರು ಹಿಡಿದಿದ್ದು?"

ಇಬ್ಬರೂ ಬಾಗಿಲಿನ ಕಡೆ ನೋಡಿದರು.

"ನಾನೇ ಸರ್," ಎಂದ ಪೈಲ್ವಾನ. "ಸರಿಯಾಗೇ ಹಿಡಿದಿದ್ದೆ."

"ಸರಿಯಾಗೇ ಅಂತೆ," ಎಂದ ಚಿತ್ರಗಾರ, ಮೊದಲ ಸಲ ಬಾಯಿ ಬಿಟ್ಟು. "ಒಂದು ಕೈಲಿ ಕೋಲು, ಒಂದು ಕೈಲಿ ಫೋನು."

"ನೀನು ಸುಮ್ನಿರಪ್ಪ, ನೀನೇನು ಕಂಡೆ? ನೆರಳಲ್ಲಿ ಕೂತು ಪೆನ್ಸಿಲ್ ಚೂಪು ಮಾಡ್ತಿದ್ದೆ."

"ನೆರಳಲ್ಲಿ ಕೂತ್ರೆ ಕಣ್ಣು ಹೋಗುತ್ತಾ?"

ಮೇಷ್ಟ್ರು ಅವರನ್ನು ಕಳುಹಿಸಿ, ಗುಂಪಿನ ಬರಹದ ಪುಸ್ತಕ ತೆರೆದರು. ಎರಡೂ ದಿನದ ಪುಟಗಳು ಅದರಲ್ಲಿದ್ದವು. ಮೊದಲ ದಿನದ ಪುಟದ ಮೇಲೆ ಅಡ್ಡಗೆರೆ ಎಳೆದು ರದ್ದು ಮಾಡಿದ್ದರು, ಆದರೆ ಅಂಕಿಗಳು ಓದುವಂತಿದ್ದವು. ಬೀದಿಯ ಮೊದಲ ಒಂಬತ್ತು ಹೊಸ್ತಿಲುಗಳನ್ನು ಎರಡೂ ದಿನ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ದುರ್ಬೀನಿನ ಯಂತ್ರ ನಿಲ್ಲಿಸಿ ನೋಡಿದ್ದರು. ಮೊದಲ ದಿನ ಯಂತ್ರ ಒಂದಿಷ್ಟು ಎತ್ತರದಲ್ಲಿ ನಿಂತಿತ್ತು. ಹಾಗಾಗಿ ಕೋಲಿನ ಮೇಲೆ ಕಂಡ ಆ ದಿನದ ಓದುಗಳೆಲ್ಲ ಒಂದೇ ಪ್ರಮಾಣದಲ್ಲಿ ಹೆಚ್ಚಿರಬೇಕು. ಮೇಷ್ಟ್ರು ಒಂದರಿಂದ ಒಂದನ್ನು ಕಳೆಯುತ್ತ ಹೋದರು. ನೂರಾ ಹನ್ನೆರಡು. ನೂರಾ ಹನ್ನೆರಡು. ಐದನೇ ಬಾಗಿಲಿನ ತನಕ ಅದೇ. ಆರನೆಯದು ನೂರಾ ಹದಿನೆಂಟು. ಏಳು, ನೂರಾ ಇಪ್ಪತ್ತೈದು. ಎಂಟು, ನೂರಾ ಇಪ್ಪತ್ತೊಂದು. ಯಂತ್ರ ಎತ್ತಿ ಮುಂದಕ್ಕೊಯ್ಯುವ ಮುಂಚಿನ ಒಂಬತ್ತನೆಯದು, ನೂರಾ ಮೂವತ್ತಾರು.

ಅವರು ಪೆನ್ನು ಕೆಳಗಿಟ್ಟರು. ಕಣ್ಣು ತಪ್ಪಿದರೆ ಓದು ಒಮ್ಮೆ ಹೆಚ್ಚಾಗುತ್ತದೆ, ಒಮ್ಮೆ ಕಡಿಮೆಯಾಗುತ್ತದೆ. ಇಲ್ಲಿ ನೂರಾ ಹನ್ನೆರಡಕ್ಕಿಂತ ಕಡಿಮೆಯಾದದ್ದು ಒಂದೂ ಇರಲಿಲ್ಲ. ವಾಲಿದ ಕೋಲು ಮಾತ್ರ ಯಾವಾಗಲೂ ಹೆಚ್ಚನ್ನೇ ತೋರಿಸುತ್ತದೆ. ನೆಟ್ಟಗೆ ನಿಂತ ಕೋಲಿನಷ್ಟು ಕಡಿಮೆ ಓದು ಯಾವ ಕಡೆ ವಾಲಿಸಿದರೂ ಬರುವುದಿಲ್ಲ. ಒಂಬತ್ತನೆಯದರಲ್ಲಿ ಇಪ್ಪತ್ತನಾಲ್ಕು ಹೆಚ್ಚು. ಯಂತ್ರ ಸರಿಸುವ ಮುಂಚಿನ ಓದಾದ್ದರಿಂದ ಅದರ ತಪ್ಪೇ ಮುಂದಿನ ಲೆಕ್ಕಕ್ಕೆಲ್ಲ ಅಂಟುತ್ತದೆ. ಇಪ್ಪತ್ತೆಂಟರಲ್ಲಿ ಅದನ್ನು ಕಳೆದರೆ ನಾಲ್ಕು. ಅಕ್ಕನ ಕಣ್ಣಿನಿಂದಾದ ತಪ್ಪು ಏನಾದರೂ ಇದ್ದರೆ ಅದಿಷ್ಟೇ.

ಸಂಜೆ ಬೆಲ್ಲು ಹೊಡೆದ ಮೇಲೆ ಪೈಲ್ವಾನ ತಾನಾಗಿಯೇ ಬಂದ. ಬಾಗಿಲಲ್ಲಿ ನಿಂತು ಬ್ಯಾಗಿನ ಪಟ್ಟಿ ತಿರುಚಿದ.

"ಸರ್, ಕೋಲು ನೆಟ್ಟಗೇ ಇತ್ತು. ನಾನೇ ಸ್ವಲ್ಪ ವಾಲಿದ್ದೆ."

"ಕೋಲು ನಿನ್ನ ಭುಜಕ್ಕೆ ಒರಗಿತ್ತಾ?"

"ಹ್ಞೂಂ."

"ಹಾಗಾದರೆ ಅದೂ ನಿನ್ನ ಜೊತೆ ವಾಲಿತು, ಪಾಪ."

ಹುಡುಗ ನಗಬೇಕೋ ಬೇಡವೋ ತಿಳಿಯದೆ ಹೋದ.

ಅಕ್ಕ ಕಚೇರಿ ಮುಗಿಸಿ ಬರುವ ಹೊತ್ತಿಗೆ ಐದೂವರೆ. ಅವಳಿಗೆ ಸಂಜೆಯ ತರಗತಿ; ಬೀದಿಯ ಅಳತೆಯ ದಿನಗಳಲ್ಲಿ ಮಾತ್ರ ರಜೆ ಹಾಕಿ ಹುಡುಗರ ಜೊತೆ ಸೇರುತ್ತಿದ್ದಳು. ಮೇಷ್ಟ್ರು ಪುಸ್ತಕವನ್ನು ಅವಳ ಕಡೆ ತಿರುಗಿಸಿ, ಆರು, ಏಳು, ಎಂಟು, ಒಂಬತ್ತನ್ನು ಬೆರಳಿನಿಂದ ತೋರಿಸಿದರು. ಅವಳು ಬಗ್ಗಿ ನೋಡಿದಳು. ಆಶ್ಚರ್ಯಪಡಲಿಲ್ಲ.

"ಕೋಲು ವಾಲಿದ್ದು ನಿಮಗೆ ಗೊತ್ತಾಗಿತ್ತಾ?"

"ಗೊತ್ತಾಗದೆ ಏನು ಸರ್. ಅವನ ಕಾಲು ನೋಡಿದ್ರೇ ಸಾಕು. ಎರಡೂ ಹಿಮ್ಮಡಿ ಮೇಲೆ ಭಾರ ಬಿಟ್ಟು ನಿಲ್ಲಬೇಕು. ಮಗು ಒಂಟಿಕಾಲಲ್ಲಿ ನಿಂತಿತ್ತು."

"ಗೊತ್ತಿದ್ದೂ ಓದು ಕೂಗಿದಿರಿ."

"ಕೂಗಿದೆ."

"ಯಾಕೆ?"

ಅಕ್ಕ ಸೆರಗಿನ ತುದಿಯನ್ನು ಮಡಚಿದಳು, ಬಿಡಿಸಿದಳು. "ಹನ್ನೊಂದು ವರ್ಷ ಆ ಕಡೆ ನಿಂತು ಬೈಸ್ಕೊಂಡಿದ್ದೀನಿ ಸರ್. ದುರ್ಬೀನಿನ ಕಡೆಯಿಂದ ಏನೇನು ಕೂಗ್ತಾರೆ ಅನ್ನೋದು ಬಾಯಿಪಾಠ. ಆದ್ರೆ ಈ ಕಡೆ ಬಂದು ನಿಂತಾಗ ಬಾಯೇ ಬರಲಿಲ್ಲ. ಅವನ ಮುಖ ನೋಡಿದ್ರೆ ನಾನೇ ಅಲ್ಲಿ ನಿಂತಂಗಾಯ್ತು."

"ತಪ್ಪು ನಿಮ್ಮ ಮೇಲೆ ಬಂದಾಗಲೂ ಹೇಳಲಿಲ್ಲ."

"ಹೇಳಿದ್ರೆ ಜಗಳ. ಅದಕ್ಕಿಂತ ಕೋಲು ಹಿಡ್ಕೊಂಡು ನಿಂತ್ರೆ ಕೆಲಸ ಆಗತ್ತೆ ಅನ್ಸ್ತು. ಆಯ್ತಲ್ಲ ಸರ್, ಮೂರೇ ಮಿಲಿಮೀಟರ್."

"ಚೀಟಿಯಲ್ಲಿ ಅವನಿಗೊಂದು ಹೆಚ್ಚು ಹಾಕಿದ್ದೀರಿ."

"ಮೂರಕ್ಕೆ ಭಾಗ ಹೋಗಲಿಲ್ಲ ಸರ್. ಒಂದು ಉಳೀತು. ಮೂವರಲ್ಲಿ ಸಣಕಲ ಅವನೇ."

ಮೇಷ್ಟ್ರು ಅವಳ ಹದಿನೈದೂವರೆಯನ್ನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ತನಗೆ ತಾನೇ ಸೊನ್ನೆ ಹಾಕಿಕೊಂಡವಳಿಗೆ ಲೆಕ್ಕ ಎತ್ತ ಹೋಗುತ್ತದೆಂದು ಗೊತ್ತಿತ್ತು.

ಮನೆಯಲ್ಲಿ ಮೇಷ್ಟ್ರ ತಾಯಿ ಕಾದಿದ್ದರು. ಅವರ ಕಣ್ಣು ಮಂಜಾಗಿ ಐದು ವರ್ಷವಾಗಿತ್ತು. ದಿನವೂ ದೀಪ ಹಚ್ಚಿದ ಮೇಲೆ ಮಗ ಒಂದಷ್ಟು ಪದ್ಯ ಓದಬೇಕು, ತಾಯಿ ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳಬೇಕು. ಬೆನ್ನು ಕಿತ್ತುಹೋಗಿ ಎರಡು ಸಲ ಹೊಲಿಸಿದ ದಪ್ಪ ಪುಸ್ತಕ. ಆ ತಾಯಿ ಚಿಕ್ಕಂದಿನಲ್ಲಿ ತಮ್ಮ ತಂದೆಯ ಬಾಯಿಂದ ಅದನ್ನು ಎಷ್ಟು ಸಲ ಕೇಳಿದ್ದರೆಂದರೆ ಪುಸ್ತಕದ ಅಗತ್ಯ ಅವರಿಗಿರಲಿಲ್ಲ, ದನಿಯ ಅಗತ್ಯವಿತ್ತು.

ಅಂದು ಓದುತ್ತಿದ್ದಾಗ ಬೆರಳು ನಿಂತಿತು.

"ತಡಿ ಮಗಾ. ಒಂದು ಸಾಲು ನುಂಗಿಬಿಟ್ಟೆ."

ಮೇಷ್ಟ್ರು ಹಿಂದಕ್ಕೆ ಹೋಗಿ ನೋಡಿದರು. ನುಂಗಿದ್ದರು.

"ಮನಸ್ಸು ಎಲ್ಲೋ ಇತ್ತಮ್ಮ."

"ಇರಲಿ ಬಿಡು. ಓದೋರ ಮನಸ್ಸು ಎಲ್ಲಾದ್ರೂ ಹೋಗತ್ತೆ. ಕೇಳೋರು ಇಲ್ಲೇ ಇರ್ತಾರಲ್ಲ."

"ಗೊತ್ತಾದರೂ ನೀನು ಹೇಳದೆ ಸುಮ್ಮನೆ ಕೂತಿದ್ದರೆ?"

"ಹಾಗಾದ್ರೆ ನಾನ್ಯಾಕೋ ಕೂರಬೇಕು? ಗೋಡೆ ಸಾಲದಾ?" ಎಂದರು ತಾಯಿ. "ಓದು, ಓದು. ಸಾಲು ಬಿಟ್ಟಲ್ಲಿಂದ."

ಶನಿವಾರ ಬೆಳಿಗ್ಗೆ ಎಂಟಕ್ಕೆ ನಾಲ್ವರನ್ನೂ ಬೀದಿಗೆ ಬರಹೇಳಿದ್ದರು ಮೇಷ್ಟ್ರು. ಯಂತ್ರ ಸ್ಟ್ಯಾಂಡಿನ ಮೇಲೆ ಕೂತಿತ್ತು. ಚೀಟಿಯ ಅಂಕ ಈ ಗುಂಪಿಗೆ ನಡೆಯುವುದಿಲ್ಲವೆಂದೂ, ಪ್ರತಿಯೊಬ್ಬರೂ ಸರದಿಯಂತೆ ನೋಡಬೇಕು, ಹಿಡಿಯಬೇಕು, ಬರೆಯಬೇಕು ಎಂದೂ, ಒಬ್ಬೊಬ್ಬರಿಗೆ ಒಂಬತ್ತು ಬಾಗಿಲೆಂದೂ ಹೇಳಿದರು.

"ಅನ್ಯಾಯ ಸರ್," ಎಂದಳು ಲಾಯರ್. "ರೂಲ್ಸ್ ಇರೋದೇ ಚೀಟಿ ಪ್ರಕಾರ ಅಂತ."

"ರೂಲ್ಸ್ ಬರೆದವನು ನಾನಮ್ಮ. ತಪ್ಪೂ ನಂದೇ. ಯಾರು ಎಷ್ಟು ಮಾಡಿದರು ಅಂತ ಕೇಳಿದೆ. ಮಾಡಿದ್ದನ್ನು ನಾನು ನೋಡಲಿಲ್ಲ."

ಮೊದಲ ಸರದಿಯಲ್ಲಿ ಚಿತ್ರಗಾರ ನೋಡಿದ, ಲಾಯರ್ ಕೋಲು ಹಿಡಿದಳು. ಕೋಲನ್ನು ನಾಲ್ಕು ಮೀಟರಿಗೆ ಎತ್ತಿ ನಿಲ್ಲಿಸಿದಾಗ ಬೀದಿಯ ಗಾಳಿಯೆಲ್ಲ ಅದರ ತುದಿಗೇ ಬೀಸುವಂತಿತ್ತು. ಮೂರನೇ ಬಾಗಿಲಿಗೆ ಅವಳ ತೋಳು ನಡುಗಿತು.

"ಅಕ್ಕಾ, ಇದು ಇಷ್ಟೊಂದು ಭಾರ ಇತ್ತಾ?"

"ತೋಳಲ್ಲಿ ಹಿಡೀಬೇಡ ಮರಿ. ಎರಡು ಅಂಗೈ ನಡುವೆ ಸುಮ್ನೆ ನಿಲ್ಸು. ಅದೇ ನಿಲ್ಲತ್ತೆ, ನೀನು ಬೀಳದಂಗೆ ನೋಡ್ಕೊ ಅಷ್ಟೇ."

"ನಾನಾ, ಕೋಲಾ?"

"ಇಬ್ರೂ."

ಕೊನೆಯ ಸರದಿ ಅಕ್ಕನದು. ಪೈಲ್ವಾನ ಕೋಲಿಗೆ ಕೈ ಚಾಚಿದ. ಮೇಷ್ಟ್ರು ಅದನ್ನು ತಾವೇ ತೆಗೆದುಕೊಂಡು ಮೊದಲ ಹೊಸ್ತಿಲಿಗೆ ನಡೆದರು. ಆರನೇ ಬಾಗಿಲಿನಲ್ಲಿ ಏನು ಮಾಡಬೇಕೆಂದು ಹಿಂದಿನ ರಾತ್ರಿಯೇ ನಿಶ್ಚಯಿಸಿದ್ದರು, ಯಾರಿಗೂ ಹೇಳಿರಲಿಲ್ಲ. ಅಲ್ಲಿ ಕೋಲನ್ನು ಯಂತ್ರದ ಕಡೆಗೆ ವಾಲಿಸುವುದು. ಆ ಓದನ್ನು ಅಕ್ಕ ಕೂಗಿದರೆ ಚೀಟಿ ರದ್ದಾದರೂ ಅವಳು ಪಾಸಾಗುವುದಿಲ್ಲ. ಗೊತ್ತಿದ್ದೂ ತಪ್ಪು ಓದು ಕೂಗುವವರ ಕೈಗೆ ಮಾಪಕರ ಪತ್ರ ಕೊಡುವಂತಿಲ್ಲ, ಅವರು ಕೋಲನ್ನು ಎಷ್ಟೇ ಚೆನ್ನಾಗಿ ಹಿಡಿಯಲಿ.

ಐದು ಬಾಗಿಲು ಸಲೀಸಾಗಿ ಮುಗಿದವು. ಅಕ್ಕ ಕೂಗುತ್ತಿದ್ದಳು, ಲಾಯರ್ ಬರೆಯುತ್ತಿದ್ದಳು. ಆರನೆಯದು ಕಬ್ಬಿಣದ ಗೇಟಿನ ಮನೆ. ಮೇಷ್ಟ್ರು ಕೋಲಿನ ಬುಡವನ್ನು ಹೊಸ್ತಿಲ ಮೇಲಿಟ್ಟು, ಅದರ ತುದಿಯನ್ನು ಮುಂದಕ್ಕೆ ಬಾಗಿಸಿದರು. ಒಂದು ಕಾಲನ್ನು ಸಡಿಲ ಬಿಟ್ಟರು.

ಅಕ್ಕ ಕಣ್ಣು ಹಚ್ಚಿದಳು. ಕೂಗಲಿಲ್ಲ. ತಲೆ ಎತ್ತಿ ಯಂತ್ರದ ಮೇಲಿನಿಂದ ನೋಡಿದಳು. ಅವಳು ನೋಡಿದ್ದು ಅವರ ಕಾಲನ್ನೇ.

"ಸರ್..." ಎಂದಳು.

"ಹೇಳಿ."

"ಏನಿಲ್ಲ."

ಮತ್ತೆ ಕಣ್ಣು ಹಚ್ಚಿದಳು. ಸೈಕಲ್ಲೊಂದು ಬೆಲ್ಲು ಬಾರಿಸುತ್ತ ಇಬ್ಬರ ನಡುವೆ ಹಾದುಹೋಯಿತು. ಗೇಟಿನ ಒಳಗಿನಿಂದ ಯಾರೋ ಪೊರಕೆ ಹಿಡಿದು ಬಂದು, ಹೊಸ್ತಿಲ ಮೇಲೆ ಮೇಷ್ಟ್ರನ್ನು ಕಂಡು, ಒಳಕ್ಕೆ ಹೋದರು.

"ಅಕ್ಕಾ, ನಂಬರ್?" ಎಂದಳು ಲಾಯರ್, ಪೆನ್ಸಿಲ್ ಎತ್ತಿ ಹಿಡಿದು.

"ಇರಮ್ಮ."

"ಎಷ್ಟೊತ್ತು?"

ಪೈಲ್ವಾನ ಒಮ್ಮೆ ಮೇಷ್ಟ್ರ ಕಾಲನ್ನು ನೋಡಿದ, ಒಮ್ಮೆ ತನ್ನ ಕಾಲನ್ನು ನೋಡಿಕೊಂಡ. ಅವನ ಮುಖ ಕೆಂಪಗಾಯಿತು. ಬಾಯಿ ತೆರೆದ, ಚಿತ್ರಗಾರ ಅವನ ಪಕ್ಕೆಗೆ ಮೊಣಕೈಯಿಂದ ತಿವಿದ. ಮುಚ್ಚಿದ.

ಅಕ್ಕನ ಕೈ ಯಂತ್ರದ ತಿರುಪಿನ ಮೇಲಿತ್ತು. ಅದನ್ನು ಈ ಕಡೆ ಒಂದು ಕೂದಲೆಳೆ, ಆ ಕಡೆ ಒಂದು ಕೂದಲೆಳೆ ತಿರುಗಿಸಿದಳು. ತಿರುಗಿಸುವ ಅಗತ್ಯವಿರಲಿಲ್ಲ. ಲಾಯರ್ ಪುಸ್ತಕವನ್ನು ತೊಡೆಗೆ ಬಡಿದಳು. ಮೇಷ್ಟ್ರಿಗೆ ವಾಲಿಸಿದ ಕೋಲಿನ ಭಾರ ಮಣಿಕಟ್ಟಿಗೆ ಬರತೊಡಗಿತು. ಆದರೂ ಹಾಗೇ ಹಿಡಿದಿದ್ದರು.

"ಏಯ್!"

ಬೀದಿ ತಿರುಗಿ ನೋಡುವಂಥ ದನಿ.

"ಕೋಲು ನೆಟ್ಟಗೆ ಹಿಡಿಯೇ! ನಿಂತಲ್ಲೇ ನಿದ್ದೆ ಹೊಡೀತಿದೀಯೇನೇ? ಎರಡು ಕಾಲಿನ ಮೇಲೆ ನಿಂತ್ಕೋ! ಆಡ್ಸು, ಹಿಂದೆ ಮುಂದೆ ಆಡ್ಸು!"

ಹನ್ನೊಂದು ವರ್ಷ ಅವಳ ಕಿವಿಗೆ ಬಿದ್ದದ್ದು ಒಂದಕ್ಷರ ಬದಲಾಗದೆ ಹೊರಬಿದ್ದಿತ್ತು. ಕೂಗಿ ಮುಗಿದ ಮೇಲೆ ಯಾರಿಗೆ ಕೂಗಿದೆನೆಂದು ಅವಳಿಗೆ ಹೊಳೆಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಚಿತ್ರಗಾರ ಗೋಡೆಯ ಕಡೆ ತಿರುಗಿ ಭುಜ ಕುಲುಕಿಸಿದ.

ಮೇಷ್ಟ್ರು ಎರಡೂ ಹಿಮ್ಮಡಿಯನ್ನು ನೆಲಕ್ಕೆ ಊರಿ, ಕೋಲನ್ನು ಎತ್ತಿ ನಿಲ್ಲಿಸಿ, ನಿಧಾನವಾಗಿ ಮುಂದಕ್ಕೂ ಹಿಂದಕ್ಕೂ ಆಡಿಸಿದರು. ಹಾಗೆ ಆಡಿಸುವಾಗ ಕಾಣುವ ಅಂಕಿಗಳಲ್ಲಿ ಎಲ್ಲಕ್ಕಿಂತ ಕಡಿಮೆಯದೇ ಸರಿಯಾದ ಓದು.

"ನೋಡ್ಕೊಳ್ಳಿ," ಎಂದರು ಅಲ್ಲಿಂದಲೇ.

ಅಕ್ಕ ಬಾಯಿಂದ ಕೈ ತೆಗೆದು, ಕಣ್ಣು ಹಚ್ಚಿ, ಓದು ಕೂಗಿದಳು. ದನಿ ಇನ್ನೂ ಇಳಿದಿರಲಿಲ್ಲ. ಏಳನೇ ಬಾಗಿಲಿನಲ್ಲಿ ಅವಳು ಮಾತಾಡಲಿಲ್ಲ. ಕೈ ಎತ್ತಿ ಆಡಿಸಿ ಎಂದು ಸನ್ನೆ ಮಾಡಿದಳು. ಮೇಷ್ಟ್ರು ಆಡಿಸಿದರು. ಎಂಟಕ್ಕೂ ಒಂಬತ್ತಕ್ಕೂ ಹಾಗೇ.

ಅಂಕಗಳನ್ನು ಅವರು ಅಲ್ಲೇ, ಸ್ಟ್ಯಾಂಡಿನ ಪಕ್ಕದ ಕಟ್ಟೆಯ ಮೇಲೆ ಕೂತು ಬರೆದರು. ಗುಂಪಿನ ಅಂಕ ನಲವತ್ತನಾಲ್ಕು. ಚಿತ್ರಗಾರನಿಗೆ ಅಷ್ಟೂ. ಲಾಯರಿಗೆ ಎರಡು ಕಡಿತ, ಮೂರನೇ ಮತ್ತು ನಾಲ್ಕನೇ ಬಾಗಿಲಿನಲ್ಲಿ ಕೋಲು ನಿಲ್ಲದ್ದಕ್ಕೆ. ಅವಳು ಲೆಕ್ಕ ಕೇಳಿ, ಕೇಳಿಸಿಕೊಂಡು, ತೋಳು ತಿಕ್ಕುತ್ತ ಒಪ್ಪಿದಳು. ಪೈಲ್ವಾನನಿಗೆ ಐದು ಕಡಿತ. ವಾಲಿಸಿದ ನಾಲ್ಕಕ್ಕೆ ನಾಲ್ಕು, ತಪ್ಪು ಅಕ್ಕನ ಮೇಲೆ ಬಂದಾಗ ಬಾಯಿಬಿಡದೆ ಇದ್ದದ್ದಕ್ಕೆ ಒಂದು. ಅಕ್ಕನಿಗೆ ನಾಲ್ಕು ಕಡಿತ.

"ನಲವತ್ತು," ಎಂದರು ಮೇಷ್ಟ್ರು. "ಗೊತ್ತಿದ್ದೂ ಕೂಗಿದ ನಾಲ್ಕು ಓದು ಇದ್ದವಲ್ಲ, ಅದಕ್ಕೆ. ಸೋಮವಾರ ಕಚೇರಿಗೆ ಪತ್ರ ಹೋಗುತ್ತೆ."

ಅಕ್ಕ ತಲೆಯಾಡಿಸಿದಳು. ಹಾಳೆಯನ್ನು ತಲೆಕೆಳಗಾಗಿಯೇ ಓದಿದಳು.

"ಅವನಿಗೆ ನನಗಿಂತ ಒಂದು ಕಮ್ಮಿ ಬಂತಾ ಸರ್?"

"ಹೌದು."

"ಪಾಪ, ಒಂದು ತಾನೆ. ನನ್ನದರಲ್ಲಿ ತೆಗೆದು..."

"ಇಲ್ಲ."

"ಆಯ್ತು ಸರ್."

ಸಾಮಾನು ಕಟ್ಟುವ ಹೊತ್ತಾಯಿತು. ಅಕ್ಕ ಅಭ್ಯಾಸಬಲದಿಂದ ಕೋಲು ಒರಗಿಸಿದ್ದ ಗೋಡೆಯ ಕಡೆ ಹೋದಳು. ಅಲ್ಲಿ ಕೋಲು ಇರಲಿಲ್ಲ. ಪೈಲ್ವಾನ ಅದನ್ನು ಭುಜದ ಮೇಲೆ ಹೊತ್ತು ಆಗಲೇ ನಾಲ್ಕು ಮನೆ ದಾಟಿದ್ದ. ಅವಳು ವಾಪಸು ಬಂದು, ಯಂತ್ರವನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಪೆಟ್ಟಿಗೆಯಲ್ಲಿ ಮಲಗಿಸಿ, ಎರಡು ಚಿಲಕವನ್ನೂ ಹಾಕಿ, ಹಾಕಿದ್ದು ಸರಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿ, ಎತ್ತಿಕೊಂಡಳು.